ಹೀಲಿಯಂ ಸೇವಿಸಿ ಮಡುವಿಗಿಳಿದದ್ದು

ಯಾವುದನ್ನೂ ಪರೀಕ್ಷಿಸದೆ ನಂಬಬಾರದೆಂದು ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಬೋಧಿಸಿದವನು ನಾನು. ಬೋಧಿಸಿದ್ದನ್ನು ಆಚರಿಸಿದವನೂ ಹೌದು. ಕೆಲಸ ಬಿಟ್ಟ ಮೇಲೂ ಒಂದು ಪಂಚಾಂಗವನ್ನು ಇನ್ನೊಂದರೊಡನೆ ತಾಳೆ ನೋಡದೆ ಏಕಾದಶಿ ಮಾಡಿದವನಲ್ಲ. ಆದುದರಿಂದ, ಮಾಕುಟ್ಟದ ಘಾಟಿ ಹತ್ತಿ ಬಂದ ಲಾರಿಯಿಂದ ಆಳೆತ್ತರದ ನಾಲ್ಕು ಕಬ್ಬಿಣದ ಸಿಲಿಂಡರುಗಳು ಮೂರ್ನಾಡಿನಲ್ಲಿ ಎತ್ತಿನಗಾಡಿಗೆ ಇಳಿದಾಗ, ಈ ವಿಷಯದಲ್ಲಿ ಸಂಶಯಪಡಲು ಅರ್ಹನಾದವನು ಊರಿನಲ್ಲಿ ನಾನೊಬ್ಬನೇ ಎಂದು ನನಗೆ ಮನವರಿಕೆಯಾಯಿತು.

ಸಿಲಿಂಡರುಗಳು ಹೋದದ್ದು ಹೊಳೆಯಂಚಿನ ಎಸ್ಟೇಟಿಗೆ. ಅಲ್ಲಿಗೆ ಆ ವರ್ಷವಷ್ಟೇ ಬಂದಿದ್ದ ಹೊಸ ಇಂಗ್ಲಿಷ್ ದೊರೆ ಮೊದಲು ನೌಕಾಪಡೆಯಲ್ಲಿದ್ದವನು. ಎಸ್ಟೇಟಿನ ಕೆಳಗೆ ಕಾವೇರಿ ತಿರುಗುವಲ್ಲಿ ಆಳವಾದ ಮಡುವಿದೆ. ಅದರ ಮೀನುಗಳು ದೇವರ ಮೀನುಗಳು. ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ಅಕ್ಕಿ ಹಾಕಿ ಕೈಮುಗಿದು ಬರಬೇಕು, ಅಷ್ಟೆ. ಹಿಂದೊಮ್ಮೆ ಬೇರೊಬ್ಬ ದೊರೆ ಕೆಳಗಿನ ಹೊಳೆಗೆ ಸಿಡಿಮದ್ದಿನ ತೋಟೆ ಎಸೆದು, ಬುಟ್ಟಿಗಟ್ಟಲೆ ಮೀನು ಹೊತ್ತೊಯ್ದದ್ದನ್ನು ಊರು ಮರೆತಿರಲಿಲ್ಲ. ತೋಟೆ ಸದ್ದು ಮಾಡುತ್ತದೆ. ಸಿಲಿಂಡರಿನೊಳಗಿನ ಅನಿಲ ಸದ್ದು ಮಾಡುವುದಿಲ್ಲ. ತರ್ಕ ಸ್ಪಷ್ಟವಾಗಿತ್ತು.

ಇದನ್ನು ನಾನು ದೇವಸ್ಥಾನದ ಅಂಗಳದಲ್ಲಿ ಊರಿನ ಹಿರಿಯರಿಗೆ ಕ್ರಮವಾಗಿ ನಿರೂಪಿಸಿದೆ. ಎಲ್ಲರೂ ತಲೆದೂಗಿದರು, ನನ್ನ ನೆರೆಮನೆಯ ಬೋಪಯ್ಯನವರೊಬ್ಬರನ್ನು ಬಿಟ್ಟು.

“ಮೇಷ್ಟ್ರೆ, ನೀವು ಕಣ್ಣಾರೆ ಕಂಡಿದ್ದೀರ?” ಎಂದರು.

ಕಂಡು ಬರುತ್ತೇನೆಂದೆ. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಮಡುವಿನ ಒಂದೇ ಒಂದು ಮೀನಿಗೂ ತೊಂದರೆಯಾಗದಂತೆ ಕಾಯುವ ಹೊಣೆ ನನ್ನದೆಂದು, ಯಾರೂ ಕೇಳದಿದ್ದರೂ, ದೇವಸ್ಥಾನದ ಮೆಟ್ಟಿಲು ಮುಟ್ಟಿ ಮಾತು ಕೊಟ್ಟೆ.

ದೊರೆ ನನ್ನನ್ನು ಕಂಡು ಅತ್ಯಂತ ಸಂತೋಷಪಟ್ಟ. ಇದು ನನ್ನ ಮೊದಲನೆಯ ಸಂಶಯವನ್ನು ಬಲಪಡಿಸಿತು. ಅವನ ವಿವರಣೆ ಹೀಗಿತ್ತು: ಪಡುವಣ ಕಡಲಿನಲ್ಲಿ ಮುಳುಗಿದ ಹಡಗೊಂದನ್ನು ನೋಡಲು ತಾನು ಮುಂದಿನ ವರ್ಷ ಬಹಳ ಆಳಕ್ಕೆ ಇಳಿಯಬೇಕು. ಅಷ್ಟು ಆಳದಲ್ಲಿ ನಾವು ಉಸಿರಾಡುವ ಗಾಳಿಯೇ ಹೆಂಡದಂತೆ ತಲೆಗೇರುತ್ತದೆ. ಆದ್ದರಿಂದ ಆಮ್ಲಜನಕಕ್ಕೆ ಹೀಲಿಯಂ ಎಂಬ ಹಗುರವಾದ ಅನಿಲವನ್ನು ಬೆರೆಸಿ ಉಸಿರಾಡಬೇಕು. ಆಗ ಬುದ್ಧಿ ತಿಳಿಯಾಗಿರುತ್ತದೆ. ಆ ಅಭ್ಯಾಸಕ್ಕೆ ಮಡು ಬೇಕು, ಜೊತೆಗೆ ಶಿಸ್ತಿನ ಮನುಷ್ಯನೊಬ್ಬ ಬೇಕು. ಎಸ್ಟೇಟಿನ ಲೈನುಮನೆಗಳ ಆಳುಗಳಲ್ಲಿ ಒಬ್ಬನೂ ಮುಳುಗುವವನು ತೊಡುವ ತಾಮ್ರದ ಟೋಪಿಯೊಳಗೆ ತಲೆ ಹಾಕಲು ಒಪ್ಪಿಲ್ಲ.

ಬಂಗಲೆಯ ಹಿಂದೆ ಖಾಲಿ ಬಾಟಲಿಗಳಿಂದಲೇ ಹೂವಿನ ಪಾತಿಗೆ ಬೇಲಿ ಕಟ್ಟಿಸಿದ್ದ ಮನುಷ್ಯ, ಅಮಲೇರದಿರಲೆಂದು ಕಡಲಾಚೆಯಿಂದ ಅನಿಲ ತರಿಸಿದ್ದಾನೆಯೆ! ಸಂಶಯ ಎರಡನೆಯದು. “ಮೊದಲು ತಾವು ಸೇವಿಸಿ” ಎಂದೆ. ಅವನು ಕೊಳವೆಯಿಂದ ಎರಡು ಉಸಿರು ಎಳೆದು ನನಗೆ ನಮಸ್ಕಾರ ಹೇಳಿದ. ಆರಡಿ ಎತ್ತರದ ಆ ದೇಹದಿಂದ ಬಾತುಮರಿಯ ಧ್ವನಿ ಹೊರಟಿತು. ಗುರುಸ್ಥಾನದಲ್ಲಿದ್ದವನನ್ನು ಅಣಕಿಸುತ್ತಿದ್ದಾನೆಂದು ಎದ್ದು ಮನೆಗೆ ಬಂದೆ. ಕೊಟ್ಟ ಮಾತು ನೆನಪಾಗಿ ಮರುದಿನ ಹೋದೆ, ಮಡುವಿನ ತಳವನ್ನು ಕಣ್ಣಾರೆ ನೋಡಲೆಂದು ಇಳಿಯಲು ನಾನೇ ಒಪ್ಪಿದೆ.

ಹತ್ತು ದಿನ ಕಾಫಿ ತೊಳೆಯುವ ತೊಟ್ಟಿಯಲ್ಲಿ ತರಬೇತಿ ನಡೆಯಿತು. ಮೈಗೆ ರಬ್ಬರಿನ ಉಡುಪು, ಕಾಲಿಗೆ ಸೀಸದ ಅಟ್ಟೆಯ ಬೂಟು, ತಲೆಗೆ ಗಾಜಿನ ಕಿಟಕಿಯುಳ್ಳ ತಾಮ್ರದ ಟೋಪಿ. ಮೇಲೆ ಬರುವಾಗ ಮೆಟ್ಟಿಲಿಗೊಮ್ಮೆ ನಿಂತು ನಿಧಾನವಾಗಿ ಬರಬೇಕು, ಇಲ್ಲವಾದರೆ ಕೀಲು ನೋಯುತ್ತದೆಂದು ದೊರೆ ಎಚ್ಚರಿಸಿದ. ನನ್ನ ಕೀಲುಗಳು ಇಳಿಯುವ ಮೊದಲೇ ನೋಯುತ್ತಿದ್ದವು. ಕಿಟಕಿಯ ತಿರುಪುಗಳ ಮೇಲೂ ನನಗೆ ನಂಬಿಕೆಯಿರಲಿಲ್ಲ. ದೊರೆ ಬಿಗಿದ ಮೇಲೆ ನಾನೂ ಒಂದೊಂದು ಸುತ್ತು ಬಿಗಿಯುತ್ತಿದ್ದೆ.

ಒಂದು ತೊಡಕು ಉಳಿಯಿತು. ಸಿಲಿಂಡರುಗಳ ಗಾಡಿ ಮಡುವಿನ ತನಕ ಇಳಿಯಲಾರದು. ಬಿದಿರ ಮೆಳೆಯ ಆಚೆ, ರಸ್ತೆಯ ಮೇಲೆಯೇ ನಿಲ್ಲಬೇಕು, ಅಲ್ಲಿಂದ ಟೋಪಿಗೆ ಉದ್ದದ ಕೊಳವೆ ಎಳೆಯಬೇಕು. ಅನಿಲದ ಕೀಲಿ ತಿರುಗಿಸುವ ಆಳು ಸುಬ್ಬನಿಗೆ ಅಲ್ಲಿಂದ ನೀರು ಕಾಣುವುದಿಲ್ಲ, ಹೊಳೆಯ ಮೊರೆತದಲ್ಲಿ ಕೂಗು ಕೇಳುವುದಿಲ್ಲ. ದೊರೆ ಯೋಚಿಸುತ್ತ ಕುಳಿತ. ನಾನು ಕುಳಿತುಕೊಳ್ಳಲಿಲ್ಲ. ಆ ರಾತ್ರಿಯೇ ‘ಜಲಾವತರಣ ಸಂಕೇತ ನಿಯಮಾವಳಿ’ಯನ್ನು ಹನ್ನೆರಡು ಕಲಮುಗಳಲ್ಲಿ ರಚಿಸಿದೆ. ಅದರ ಸಾರ: ದೊರೆಯ ಕೋವಿಯಿಂದ ಒಂದು ಗುಂಡು ಹಾರಿದರೆ ಇಳಿಯುತ್ತಿದ್ದಾನೆ, ಕೀಲಿ ತೆರೆ. ಬೆನ್ನುಬೆನ್ನಿಗೆ ಎರಡು ಗುಂಡು ಹಾರಿದರೆ ಮೇಲೆ ಬಂದ, ಕೀಲಿ ಮುಚ್ಚು.

ನನ್ನ ಹೆಂಡತಿ ಗಂಗಮ್ಮ ಹೊಸಿಲ ಬಳಿ ನಿಂತು, “ಗುಂಡೇ ಯಾಕ್ರೀ? ಒಂದ್ ಗಂಟೆ ಬಾರಿಸಿದ್ರೆ ಆಗಲ್ವಾ?” ಎಂದಳು. ವೈಜ್ಞಾನಿಕ ವಿಷಯದಲ್ಲಿ ತಲೆಹಾಕಬೇಡವೆಂದು ತಿಳಿಸಿದೆ.

ಈಗ ಓದುಗರು ನನ್ನನ್ನು ಕೇಳಬಹುದು. ಕೊಡಗಿನಲ್ಲಿ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುವರೆಂದು ನಿಮಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕೊಡಗಿನ ಉತ್ತರದಂಚಿನ ಶನಿವಾರಸಂತೆಯ ಕಡೆಯವನಾದರೂ ನಾನು ಮೂರ್ನಾಡಿಗೆ ಬಂದು ಹದಿನೈದು ವರ್ಷವಾಗಿತ್ತು. ಎರಡು ಗುಂಡು ಕೇಳಿ ಬಿಳಿ ಬಟ್ಟೆಯುಟ್ಟು ಎಷ್ಟೋ ಮನೆಗಳಿಗೆ ಹೋಗಿದ್ದೆ. ಆದರೆ ಅದು ಸಂಪ್ರದಾಯ, ಇದು ನಿಯಮಾವಳಿ!

ಮರುದಿನ ಬೆಳಗ್ಗೆ ಒಂದು ಗುಂಡು ಹಾರಿತು. ಇಳಿದೆ. ತಳದಲ್ಲಿ ಬಲೆಯನ್ನು ಹುಡುಕಿದೆ, ತೋಟೆಯನ್ನು ಹುಡುಕಿದೆ, ವಿಷದ ಕೊಳವೆಯನ್ನು ಹುಡುಕಿದೆ. ಕೆಸರಿತ್ತು. ಸ್ವಲ್ಪ ಹೊತ್ತಿಗೆ ಮೀನುಗಳು ಒಂದೊಂದಾಗಿ ಬಂದವು. ತೋಳುದ್ದದ ಮುದಿ ಮೀನೊಂದು ನನ್ನ ಗಾಜಿನ ಕಿಟಕಿಗೆ ಮೂತಿ ತಾಗಿಸಿ, ತಪಾಸಣೆಗೆ ಬಂದ ಇನ್ಸ್‌ಪೆಕ್ಟರರಂತೆ ನನ್ನನ್ನೇ ದಿಟ್ಟಿಸಿತು. ದೊರೆ ನಿರಪರಾಧಿಯೆಂಬ ತೀರ್ಮಾನಕ್ಕೆ, ಬೇಸರದಿಂದಲೇ, ಬಂದೆ. ಹಗ್ಗ ಎಳೆದು, ಹಂತಹಂತವಾಗಿ ನಿಂತು ಮೇಲೆದ್ದೆ.

ಢಂ! ಢಂ!

ನೀರೊಳಗೆ ಇನ್ನೂ ಅರ್ಧ ಮುಳುಗಿದ್ದ ಕಿಟಕಿಯಿಂದ ನಾನು ಕಂಡದ್ದಿಷ್ಟು: ಮಡುವಿನ ಮೀನುಗಳೆಲ್ಲ ಬೆಳ್ಳಿಯ ಬಾಣಗಳಂತೆ ಕೆಳಹೊಳೆಯತ್ತ ಹೊರಟುಹೋದವು.

ಒಂದು ಗುಂಡು ಕೇಳಿದಾಗಲೇ, ಯಾರ ಮನೆಯಲ್ಲಿ ಗಂಡು ಹುಟ್ಟಿತೆಂದು ವಿಚಾರಿಸಲು ಅರ್ಧ ಊರು ರಸ್ತೆಗೆ ಬಂದಿತ್ತಂತೆ. ಎರಡು ಗುಂಡು ಕೇಳಿದ್ದೇ, ನಾನು ನೀರಿನಲ್ಲಿದ್ದೇನೆಂದು ಬಲ್ಲವರೆಲ್ಲ ಮಡುವಿಗೆ ಓಡಿಬಂದರು. ಸುಬ್ಬನೂ ಈ ಊರಿನವನೇ. ನಿಯಮಾವಳಿ ಮರೆತು, ಕೀಲಿ ಮುಚ್ಚದೆ, ತಲೆ ಚಚ್ಚಿಕೊಳ್ಳುತ್ತ ಎಲ್ಲರಿಗಿಂತ ಮುಂದೆ ಬಂದ. ಟೋಪಿಯೊಳಗೆ ಅನಿಲ ಬರುತ್ತಲೇ ಇತ್ತು. ದಡದಲ್ಲಿ ಮಲಗಿದ್ದ ನನ್ನ ಕಿಟಕಿಯನ್ನು ತೆಗೆಯಲು ದೊರೆ ಹೆಣಗುತ್ತಿದ್ದ. ತಿರುಪುಗಳನ್ನು ನಾನು ಒಂದೊಂದು ಸುತ್ತು ಹೆಚ್ಚಾಗಿ ಬಿಗಿದಿದ್ದೆನಷ್ಟೆ.

ತಾಮ್ರದ ಮೂಲಕ ಬೋಪಯ್ಯನವರ ಗಟ್ಟಿ ಧ್ವನಿ ಕೇಳಿಸಿತು.

“ಒಳ್ಳೆ ಮನುಷ್ಯ” ಎಂದರು. ಯಾರೂ ಮುಂದುವರಿಸಲಿಲ್ಲ. ಕಡೆಗೆ ಅವರೇ, “ಒಳ್ಳೆ ಕೈಬರಹ” ಎಂದರು.

ಆ ಕ್ಷಣಕ್ಕೆ ಕಿಟಕಿ ತೆರೆಯಿತು. ಎದೆಯ ತುಂಬ ಇದ್ದ ಹೀಲಿಯಮ್ಮಿನಿಂದ, ಸ್ಪಷ್ಟವಾದ ಉಚ್ಚಾರಣೆಯಲ್ಲಿ, “ಮಹನೀಯರೇ, ನಾನು ಜೀವಂತವಾಗಿದ್ದೇನೆ” ಎಂದೆ. ಬಾತುಮರಿ ಕೂಗಿದಂತಾಯಿತು. ಸುಬ್ಬ ಹೊಳೆಗೇ ಹಾರಿದ. ನನ್ನ ಕೈಕೆಳಗೆ ಓದಿದ ನಾಲ್ವರು ಬಿದಿರ ಮೆಳೆಯನ್ನು ಸೀಳಿಕೊಂಡು ಓಡಿದರು. ಮೇಷ್ಟ್ರ ಪ್ರೇತಕ್ಕೆ ಸ್ವರ ಕೂಡ ಉಳಿದಿಲ್ಲವೆಂದು ಯಾರೋ ಮರುಗಿದರು.

ನಿಂತ ಜಾಗದಿಂದ ಕದಲದವಳು ಗಂಗಮ್ಮ. ಕೈಯಲ್ಲಿ ಒಣಗಿದ ಪಂಚೆಯಿತ್ತು.

“ಸತ್ತಿಲ್ಲ ಅಂತ ನಂಗೊತ್ತಿತ್ತು” ಎಂದಳು ಬೋಪಯ್ಯನವರಿಗೆ. “ಹೆಂಗ್ ಅಳಬೇಕು ಅಂತ ಹನ್ನೆರಡು ನಿಯಮ ಬರೆದಿಡದೆ ಇವರು ಸಾಯೋರಲ್ಲ.”

ಧ್ವನಿ ಮರಳಿದ ಮೇಲೆ ದೊರೆ ನಿರ್ದೋಷಿಯೆಂದು ಸಭೆಗೆ ವರದಿಯೊಪ್ಪಿಸಿದೆ. ಬೋಪಯ್ಯನವರು ಬರಿದಾದ ಮಡುವನ್ನು ನೋಡುತ್ತ ನಿಂತಿದ್ದರು.

“ಅದು ಸರಿ ಮೇಷ್ಟ್ರೆ. ಮೀನು ಎಲ್ಲಿ?”

ಅವರು ಕೋಪಿಸಿಕೊಂಡಿದ್ದರೆ ಉತ್ತರಿಸಬಹುದಾಗಿತ್ತು. ಮೆಲ್ಲಗೆ ಕೇಳಿದರು.

ದೊರೆ ಅದೇ ವಾರ ಕ್ಷಮೆ ಕೇಳಿ, ಸಿಲಿಂಡರುಗಳನ್ನು ಕಡಲ ತೀರಕ್ಕೇ ಸಾಗಿಸಿದ. ಮೀನುಗಳು ಮರಳುವ ತನಕ ನಾನು ದಿನವೂ ಬೆಳಗ್ಗೆ ಮಡುವಿಗೆ ಅಕ್ಕಿ ಹಾಕಬೇಕೆಂದು ಊರು ತೀರ್ಮಾನಿಸಿತು. ಇಪ್ಪತ್ತಾರು ದಿನ ಬರಿಯ ನೀರಿಗೆ ಅಕ್ಕಿ ಹಾಕಿದೆ. ಇಪ್ಪತ್ತೇಳನೆಯ ದಿನ ಮುದಿ ಮೀನು ಬಂತು. ಅದರ ಹಿಂದೆಯೇ ಉಳಿದವೂ ಬಂದವು. ಕಣ್ಣು ತುಂಬಿತೆಂದು ಒಪ್ಪಿಕೊಳ್ಳುತ್ತೇನೆ.

ಈಗಲೂ ಹೋಗುತ್ತೇನೆ. ನಾನು ಅಕ್ಕಿ ಹಾಕಿದರೆ ಮುದಿ ಮೀನು ಹತ್ತಿರ ಬಂದು, ಕಾಳುಗಳನ್ನು ನೋಡಿ, ನನ್ನನ್ನು ನೋಡಿ, ಸುಮ್ಮನೆ ನಿಲ್ಲುತ್ತದೆ. ಗಂಗಮ್ಮ ಬಂದು ಅದೇ ಚೀಲದಿಂದ ಒಂದು ಹಿಡಿ ಹಾಕಿದ ಮೇಲೆಯೇ ತಿನ್ನುತ್ತದೆ. ಯಾವುದನ್ನೂ ಪರೀಕ್ಷಿಸದೆ ನಂಬಬಾರದು. ಇಪ್ಪತ್ತೆರಡು ವರ್ಷದಲ್ಲಿ ಆ ಪಾಠವನ್ನು ಪೂರ್ತಿಯಾಗಿ ಕಲಿತ ನನ್ನ ಶಿಷ್ಯ ಅದೊಂದೇ.