ಕಣ್ಣೀರಿಲ್ಲದ ನಮ್ಮತ್ತೆ

ನಮ್ಮತ್ತೆಗೆ ಕಣ್ಣೀರೇ ಇರಲಿಲ್ಲ. ಸೊಸೆಯ ಬಾಯಿಂದ ಇನ್ನೆಂಥ ಮಾತು ಬಂದೀತು ಎಂದು ನಗಬೇಡಿ. ಇದು ನಾನು ಕಟ್ಟಿದ್ದಲ್ಲ. ಆಸ್ಪತ್ರೆಯ ಡಾಕ್ಟರೇ ಪರೀಕ್ಷೆ ಮಾಡಿ, ಕಾಗದದ ಮೇಲೆ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟದ್ದು. ಊರಿನಲ್ಲಿ ಎಷ್ಟು ಜನ ಅತ್ತೆಯರಿಗೆ ಇಂಥ ಕಾಗದ ಸಿಕ್ಕಿದೆ, ಹೇಳಿ?

ಅವರು ನನ್ನ ಅಪ್ಪನ ಅಕ್ಕ. ಅವರ ಮಗನನ್ನೇ ನಾನು ಮದುವೆಯಾದೆ. ಹಾಗಾಗಿ ಅವರ ಪ್ರೀತಿಯೂ ನನಗೆ ಎರಡು ಪಾಲು, ಬೈಗುಳವೂ ಎರಡು ಪಾಲು. ಮೂವತ್ತರ ದಶಕದ ಮಾತು. ಸೇಲಂನ ಕನ್ನಡ ನೇಕಾರರ ಬೀದಿಯಲ್ಲಿ ನಮ್ಮ ಮನೆ. ನಡುಮನೆಯ ಗುಂಡಿಮಗ್ಗದಲ್ಲಿ ಮಾವ, ಪಡಸಾಲೆಯ ರಾಟೆಯ ಮುಂದೆ ಅತ್ತೆ. ಮಾವ ಇಡೀ ದಿನದಲ್ಲಿ ಆಡುವ ಮಾತು ಹತ್ತನ್ನು ದಾಟುತ್ತಿರಲಿಲ್ಲ. ಉಳಿದದ್ದನ್ನೆಲ್ಲ ಅತ್ತೆ ಆಡಿ ಮುಗಿಸುತ್ತಿದ್ದರು.

ನಲವತ್ತೈದು ತುಂಬುವಷ್ಟರಲ್ಲಿ ಅವರಿಗೆ ಕೀಲುವಾತ ಹಿಡಿಯಿತು. ಬೆರಳುಗಳು ಹಸಿ ಶುಂಠಿಯ ಹಾಗೆ ಗಂಟುಗಂಟಾಗಿ ಊದಿದವು. ಬೆಳಗ್ಗೆ ಎದ್ದರೆ ಎರಡು ಗಂಟೆಯ ಕಾಲ ಕೈ ಮುಷ್ಟಿಯಾಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ನರಳುತ್ತಿದ್ದರು. ನಮ್ಮತ್ತೆ ಬೆರಳುಗಳಿಗೆ ನೆಂಟರ ಹೆಸರಿಟ್ಟು ಬೈಯಲು ಶುರುಮಾಡಿದರು! ಬಲಗೈ ಹೆಬ್ಬೆರಳು ತೀರಿಹೋದ ಅವರ ಅತ್ತೆ. ಯಾರ ಮಾತಿಗೂ ಬಗ್ಗುವುದಿಲ್ಲ. ತೋರುಬೆರಳು ಹರೂರಿನಲ್ಲಿದ್ದ ಅವರ ನಾದಿನಿ, ಮಾವನ ತಂಗಿ. ನಡುಬೆರಳು ಮಾವ. ಕಿರುಬೆರಳು ನಾನು.

"ಅರೂರೋಳು ಇವತ್ತು ಎದ್ದೇ ಇಲ್ಲ ನೋಡು," ಎನ್ನುತ್ತಿದ್ದರು ಬಿಸಿನೀರಿನಲ್ಲಿ ಕೈ ಅದ್ದಿಕೊಂಡು. "ನೀನೊಬ್ಳೇ ಆಡ್ತಾ ಇದೀಯ. ಏನ್ ಪ್ರಯೋಜನ, ಕಿರುಬೆರಳಲ್ಲಿ ಯಾವ ಕೆಲ್ಸ ಆಯ್ತದೆ?"

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಕಣ್ಣಿನ ಗಲಾಟೆ ಶುರುವಾಯಿತು.

"ಕಣ್ಣೊಳಗೆ ಮಣ್ಣೈತೆ," ಎಂದರು ಒಂದು ದಿನ. ನಾನು ಕಸ ಗುಡಿಸುವ ರೀತಿಯೇ ಸರಿಯಿಲ್ಲ ಎಂದಾಯಿತು. ನೆಲಕ್ಕೆ ನೀರು ಚಿಮುಕಿಸಿ ಗುಡಿಸಿದೆ. ಮಣ್ಣು ಹೋಗಲಿಲ್ಲ. ಮಗ್ಗದಿಂದ ಹಾರುವ ಹತ್ತಿಯ ಧೂಳು ಎಂದಾಯಿತು. ಮಾವ ಮಗ್ಗಕ್ಕೂ ಪಡಸಾಲೆಗೂ ನಡುವೆ ಪರದೆ ಕಟ್ಟಿದರು. ಆಗಲೂ ಹೋಗಲಿಲ್ಲ. ನಾನು ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಒಂದು ಕಣವೂ ಇಲ್ಲ. ಕಣ್ಣು ಮಾತ್ರ ಕೆಂಪಗೆ, ಒಣಗಿಕೊಂಡು ಕೂತಿತ್ತು.

ಬೀದಿಯ ಹೆಂಗಸರು ಮದ್ದು ಹೇಳಲು ಸಾಲಾಗಿ ಬಂದರು. ಒಬ್ಬರು ಹರಳೆಣ್ಣೆ ಬಿಟ್ಟರು. ಒಬ್ಬರು ಕೊತ್ತಂಬರಿ ಬೀಜ ನೆನೆಸಿದ ನೀರು ಹಾಕಿದರು. ಎದುರು ಮನೆಯ ಬಾಣಂತಿ ತನ್ನ ಹಾಲನ್ನೇ ಎರಡು ಹನಿ ಕೊಟ್ಟಳು. ಯಾವುದಕ್ಕೂ ಬಗ್ಗದಿದ್ದಾಗ ಪಾಲಮಲೆಯಿಂದ ಜೇನು ಮಾರಲು ಬರುತ್ತಿದ್ದ ಮುದುಕ, "ಒಂದು ಸೊಟ್ಟು ವಿಟ್ಟಾ ಪೋದುಂ," ಎಂದ. ಒಂದೇ ಒಂದು ತೊಟ್ಟು ಬಿಟ್ಟರೆ ಸಾಕಂತೆ.

ಸಾಕಾಯಿತು. ತೊಟ್ಟು ಬಿದ್ದದ್ದೇ ತಡ, ಮೂರು ತಿಂಗಳಿಂದ ಮಂಡಿಯೂ ಊದಿ ಗೋಡೆ ಹಿಡಿದು ನಡೆಯುತ್ತಿದ್ದ ನಮ್ಮತ್ತೆ ಎದ್ದು ಓಡಿದರು! ಬೀದಿಯುದ್ದಕ್ಕೂ ಗಂಜಿ ಹಚ್ಚಿ ಒಣಗಲು ಎಳೆದು ಕಟ್ಟಿದ್ದ ನೂಲನ್ನು ಸುತ್ತುಹಾಕಿ ಬಾವಿಕಟ್ಟೆಯವರೆಗೂ ಓಡಿ, ಬಿಂದಿಗೆಗೆ ಮುಖ ಹಾಕಿದರು. ಮಗ್ಗದ ಗುಂಡಿಯಿಂದ ಎದ್ದು ಬಂದ ಮಾವ ಬಾಗಿಲಲ್ಲಿ ನಿಂತು ನೋಡಿದರು.

"ಅಂಗಾದ್ರೆ ಜೇನು ಕಾಲಿಗೆ ಮದ್ದು," ಎಂದು ಹೇಳಿ ಒಳಗೆ ಹೋದರು. ಆ ದಿನ ಅವರು ಬೇರೆ ಮಾತಾಡಿದ ನೆನಪಿಲ್ಲ.

ಅಷ್ಟು ಉರಿದರೂ ಕಣ್ಣಿನಿಂದ ಒಂದು ಹನಿ ನೀರು ಬಂದಿರಲಿಲ್ಲ. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಅದೇ ಬೇಸಿಗೆಯಲ್ಲಿ ಹರೂರಿನ ನಾದಿನಿಯ ಮಗಳಿಗೆ ಮದುವೆ ಗೊತ್ತಾಯಿತು. ಆ ಹುಡುಗಿ ಐದು ವರ್ಷದವಳಾಗುವವರೆಗೂ ಅತ್ತೆಯ ಸೊಂಟದ ಮೇಲೇ ಬೆಳೆದವಳು. ಹೋಗದೇ ಇರುವುದುಂಟೆ? ಬಸ್ಸು ಹತ್ತಿದೆವು. ಊರು ದಾಟುತ್ತಲೇ ಬಿಸಿಗಾಳಿ, ಕೆಂಪು ಧೂಳು. ಅತ್ತೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಒಂದು ಮೈಲಿ ತಡೆದರು. ಆಮೇಲೆ ಅವರ ಗಮನ ಡ್ರೈವರನ ಮುಖದ ಮೇಲೆ ಹೋಯಿತು. ಅವನು ಧೂಳು ಹೋಗದ ಹಾಗೆ ಸುತ್ತ ಚರ್ಮ ಹೊಲಿದಿದ್ದ ದೊಡ್ಡ ಕನ್ನಡಕ ಹಾಕಿದ್ದ.

"ತಂಬೀ, ಅಂಥದ್ದು ಇನ್ನೊಂದು ಐತಾ?" ಎಂದು ಕೇಳಿಯೇಬಿಟ್ಟರು.

ಇತ್ತು. ಸೀಟಿನ ಕೆಳಗಿನಿಂದ ಹಳೆಯದೊಂದನ್ನು ತೆಗೆದು, "ಪೋಟ್ಟುಕ್ಕೋಂಗಮ್ಮಾ," ಎಂದು ಕೊಟ್ಟ. ಅತ್ತೆ ಹಾಕಿಕೊಂಡರು. ಗಾಳಿ ನಿಂತಿತು. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಬಸ್ಸು ಇಳಿದ ಮೇಲೂ ತೆಗೆಯಲಿಲ್ಲ. ರೇಷ್ಮೆ ಸೀರೆ, ಮೂಗುಬೊಟ್ಟು, ಮುಡಿ ತುಂಬ ಮಲ್ಲಿಗೆ, ಅದರ ಮುಂದೆ ಡ್ರೈವರನ ಕನ್ನಡಕ. ಹೀಗೆ ಚಪ್ಪರದ ಮೊದಲ ಸಾಲಿನಲ್ಲೇ ಕೂತರು. ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ, "ಈಯಮ್ಮ ಏರೋಪ್ಲೇನ್ ಓಡಿಸ್ತಾರಾ?" ಎಂದು ವಿಚಾರಿಸಿದರು.

ಅತ್ತೆಯ ಕಿವಿ ಚುರುಕು. "ಓಡಿಸ್ತೀನಿ. ಊಟ ಆಗ್ಲಿ ತಾಳಿ," ಎಂದರು.

ಮಾರನೆಯ ದಿನ ಹೆಣ್ಣು ಕಳಿಸುವ ಹೊತ್ತು. ಹೆಂಗಸರೆಲ್ಲ ಅಳುತ್ತಿದ್ದರು. ಹುಡುಗಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಕನ್ನಡಕ ತೆಗೆದು ಅವಳ ಕೆನ್ನೆಗೆ ಕೆನ್ನೆ ಇಟ್ಟರು. ಕಣ್ಣು ಒಣ ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು, ಹನಿ ಮಾತ್ರ ಇರಲಿಲ್ಲ. ನಾದಿನಿ ಅದನ್ನು ನೋಡಿದರು.

"ಎಂಥಾ ಕಲ್ಲು ಮನ್ಸು ಅತ್ತಿಗೆ ನಿಂದು. ಎತ್ತಿ ಬೆಳಸಿದ ಮಗು ಓಗ್ತಾ ಐತೆ, ಒಂದು ಅನಿ ಬರ್ಲಿಲ್ವಾ?"

ಎಂಥ ಮಾತಿಗೂ ಎರಡು ಉತ್ತರ ಇಟ್ಟುಕೊಂಡಿರುತ್ತಿದ್ದ ನಮ್ಮತ್ತೆ ಅಂದು ಮತ್ತೆ ಕನ್ನಡಕ ಹಾಕಿಕೊಂಡು ಹೋಗಿ ಬಸ್ಸಿನಲ್ಲಿ ಕೂತರು. ಬಸ್ಸು ಅರ್ಧ ದಾರಿಗೆ ಬಂದಾಗ ನನ್ನ ತೋಳು ಹಿಡಿದು ಹೇಳಿದರು: "ಅಳ್ತಾನೇ ಇದೀನಿ ಕಣಮ್ಮಿ. ಆಚೆಗೆ ಬರ್ತಾ ಇಲ್ಲ, ಅಷ್ಟೇ."

ಮರುದಿನ ಬೆಳಗ್ಗೆ ಬಲಗಣ್ಣು ತೆರೆಯಲಾಗಲಿಲ್ಲ. ಬೆಳಕು ಬಿದ್ದರೆ ಚುಚ್ಚುತ್ತಿತ್ತು. ಎಡಗಣ್ಣಿಗೆ ನನ್ನ ಮುಖವೂ ಮಸುಕಾಗಿ ಕಾಣುತ್ತಿತ್ತು. ಮಾವ ಹೋಗಿ ಜಟಕಾ ಕರೆತಂದರು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಕಣ್ಣು ನೋಡುವ ಮೊದಲು ಬೆರಳು ನೋಡಿದರು. ಆಮೇಲೆ ಹೀರುಕಾಗದದ ಸಣ್ಣ ಪಟ್ಟಿಯ ತುದಿಯನ್ನು ಮಡಿಸಿ ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷ ಅಲ್ಲಾಡಬೇಡಿ ಎಂದರು. ಅತ್ತೆ ಐದು ನಿಮಿಷ ಸುಮ್ಮನೆ ಕೂತದ್ದು ಅದೇ ಮೊದಲು. ಪಟ್ಟಿ ತೆಗೆದರೆ ಹಾಕಿದಾಗ ಎಷ್ಟು ಒಣಗಿತ್ತೋ ಅಷ್ಟೇ ಒಣಗಿತ್ತು. ಕೀಲು ಊದಿಸುವ ರೋಗವೇ ಕೆಲವರಲ್ಲಿ ಕಣ್ಣೀರಿನ ಗ್ರಂಥಿಯನ್ನೂ ಬತ್ತಿಸಿಬಿಡುತ್ತದೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ತಮಿಳಿನಲ್ಲಿ ನಿಧಾನವಾಗಿ ತಿಳಿಸಿದರು.

ಅತ್ತೆ ಕುರ್ಚಿಯಿಂದ ನೆಟ್ಟಗೆ ಎದ್ದರು. "ಅದೆ ಎಳುದಿ ಕುಡುಂಗ ಸಾರ್," ಎಂದರು. ಬರೆದು ಕೊಡಬೇಕಂತೆ.

ಯಾರಿಗೆ ಎಂದು ಕೇಳಿದರು ಡಾಕ್ಟರು.

"ಅರೂರಲ್ಲಿ ನಮ್ಮ ನಾದ್ನಿ ಅವಳೆ. ಅವಳಿಗೆ."

ಡಾಕ್ಟರು ನಗುತ್ತಲೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಕಣ್ಣು ಸ್ವಲ್ಪ ತಿಳಿಯಾದ ವಾರವೇ ಅತ್ತೆ ಆ ಕಾಗದ ಹಿಡಿದು, ಕನ್ನಡಕ ಹಾಕಿ, ನನ್ನನ್ನು ಎಳೆದುಕೊಂಡು ಮತ್ತೆ ಹರೂರಿಗೆ ಹೊರಟರು. ನಾದಿನಿಗೆ ಯಾವ ಅಕ್ಷರವೂ ಬಾರದು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದರಲ್ಲಿ ಏನಿದೆ ಎಂದು ನನ್ನಿಂದ ಕೇಳಿ ತಿಳಿದ ಮೇಲೆ ಗೊಳೋ ಎಂದು ಅತ್ತರು.

ಅತ್ತೆ ಅವರ ಬೆನ್ನು ಸವರುತ್ತ, "ಬಿಡು, ನನ್ ಪಾಲಿಂದೂ ನೀನೇ ಅತ್ಬಿಟ್ಟೆ," ಎಂದರು. ನಾದಿನಿಗೆ ಅಳುವಿನ ನಡುವೆಯೇ ನಗು ಬಂತು.

ಇನ್ನು ಔಷಧಿ. ಅದು ಆಸ್ಪತ್ರೆಯಿಂದ ಬಂದ ದಿನವೇ ಶುರುವಾಗಿತ್ತು: ಕುದಿಸಿ ಆರಿಸಿದ ಉಪ್ಪುನೀರು, ಗಂಟೆಗೊಮ್ಮೆ ಒಂದೊಂದು ಹನಿ. ಕಣ್ಣು ಒಣಗಲು ಬಿಟ್ಟರೆ ಕರಿಗುಡ್ಡೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು ಎಂದು ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ್ದರು. ಹನಿ ಬಿಡುವ ಗಾಜಿನ ಕೊಳವೆಯ ತುದಿಯಲ್ಲಿ ರಬ್ಬರಿನ ಬುರುಡೆ. ಅದನ್ನು ಒತ್ತಲು ಅತ್ತೆಯ ಬೆರಳು ಬಗ್ಗಬೇಕಲ್ಲ? ನಾನು ಬಿಡುತ್ತೇನೆ ಎಂದೆ. ಮಾವ ನನ್ನ ಕೈಯಿಂದ ಕೊಳವೆ ತೆಗೆದುಕೊಂಡು, "ನಾನಿದೀನಲ್ಲ," ಎಂದರು.

ಗಡಿಯಾರ ನಮ್ಮ ಮನೆಯಲ್ಲಿರಲಿಲ್ಲ. ಇಷ್ಟು ಮೊಳ ನೆಯ್ದರೆ ಒಂದು ಗಂಟೆ ಎಂದು ಮಾವ ಲೆಕ್ಕ ಇಟ್ಟರು. ಅಷ್ಟಾಯಿತೋ, ಮಗ್ಗದ ಸದ್ದು ನಿಲ್ಲುತ್ತಿತ್ತು. ಗುಂಡಿಯಿಂದ ಎದ್ದು, ಕೈ ತೊಳೆದು, ಪಡಸಾಲೆಗೆ ಬಂದು, ಅತ್ತೆಯ ಗಲ್ಲ ಹಿಡಿದು ಮುಖ ಎತ್ತುತ್ತಿದ್ದರು. ಅವರು ಹೋದ ಕೂಡಲೇ ಅತ್ತೆ ಏನಾದರೊಂದು ಕೆಲಸ ಹೇಳಿ ನನ್ನನ್ನು ಹಿತ್ತಲಿಗೆ ಕಳಿಸುತ್ತಿದ್ದರು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ನಾನು ಹಿತ್ತಲಿಗೆ ಹೋಗದೆ ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಎರಡು ಅಂಗೈಗಳ ನಡುವೆ ಆ ಕೊಳವೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ರಬ್ಬರು ಒತ್ತಲು ಹೆಣಗುತ್ತಿದ್ದರು. ಅವರ ಹುಬ್ಬು, ಕೆನ್ನೆ, ಕಿವಿಯ ಪಕ್ಕ ಎಲ್ಲ ಒದ್ದೆ. ಕಣ್ಣು ಮಾತ್ರ ಒಣಗಿಯೇ ಇತ್ತು.

"ಅತ್ತೆ, ಮಾವ ಬಿಟ್ಟಿದ್ದು ಒಳಗೆ ಬೀಳ್ಲೇ ಇಲ್ವಾ?"

"ಮೆಲ್ಲಗೆ ಮಾತಾಡು. ಅವ್ರಿಗೆ ಅತ್ತಿರ ಇರೋದು ಕಾಣಲ್ಲ. ವರ್ಸಾನೇ ಆಯ್ತು. ಮಗ್ಗ ಕೈ ಅಭ್ಯಾಸದಲ್ಲಿ ನಡೀತದೆ."

"ನಾನೇ ಆಕ್ತೀನಿ ಅಂತ ಮಾವಂಗೆ ಏಳ್ಲಾ?"

ಅತ್ತೆ ನನ್ನ ಕೈ ಹಿಡಿದುಕೊಂಡರು. "ಬ್ಯಾಡ ಕಣಮ್ಮಿ. ಮೂವತ್ತು ವರ್ಸದಲ್ಲಿ ಒಂದಿನಾನೂ ನನ್ ಮಕ ಇಷ್ಟು ಅತ್ತಿರ ನೋಡಿದೋರಲ್ಲ. ಈಗ ಗಂಟೆಗೊಂದ್ಸಲ ನೋಡ್ತಾರೆ."

ಒಳಗೆ ಲಾಳಿ ಓಡುತ್ತಿತ್ತು. ನಾನು ಸೆರಗಿನಿಂದ ಅವರ ಕೆನ್ನೆ ಒರೆಸಿ, ಅವರ ಪಕ್ಕ ಕೂತು, ರೆಪ್ಪೆ ಬಿಡಿಸಿ ಒಂದೊಂದು ಹನಿ ಒಳಗೆ ಬಿಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಗಂಟೆಗೆ ಎರಡು ಸಲ ಔಷಧಿ.