ಮದುಮಗನನ್ನು ಹೊತ್ತ ನನ್ನ ಕರೆಂಟ್ ಕಾರು

ಹೆಂಡತಿಯ ತಮ್ಮ ಬಸುವಿನ ಮದುವೆಗೆ "ಮದುಮಗ ನನ್ನ ಹೊಸ ಕರೆಂಟ್ ಕಾರಿನಲ್ಲೇ ಬರತಕ್ಕದ್ದು" ಎಂದು ಘೋಷಿಸಿದವನು ನಾನೇ. ಯಾರೂ ಕೇಳಿರಲಿಲ್ಲ! ಗೋಕಾಕದಿಂದ ಮದುವೆಯ ಊರು ಮೂಡಲಗಿ ಎಷ್ಟು ದೂರ? ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲಿನ ಹಂಗಿಲ್ಲ.

ಹಿಂದಿನ ದಿನವೇ ಕಾರಿಗೆ ಚಾರ್ಜರ್ ಚುಚ್ಚಿದ್ದೆ. ಬೆಳಗ್ಗೆ ನೋಡಿದರೆ ಬ್ಯಾಟರಿ ಅರ್ಧವೇ ಇತ್ತು. ಗೋಡೆಯ ಸ್ವಿಚ್ ಒತ್ತುವುದನ್ನೇ ಮರೆತಿದ್ದೆ!

"ಸಾಲ್ತೈತೇನ್ರಿ?" ಎಂದಳು ಹೆಂಡತಿ ಮಹಾದೇವಿ.

"ಸಾಕಾಗಿ ಉಳೀತೈತಿ!"

ಉಳಿಯುತ್ತಿತ್ತೋ ಏನೋ. ಆದರೆ ಹುಕ್ಕೇರಿಯಿಂದ ಅವಳ ಕಾಕಾನನ್ನು ಕರೆತರುವ ಜವಾಬ್ದಾರಿಯನ್ನೂ ನಾನೇ ಕೇಳಿ ಪಡೆದಿದ್ದೆ. ಬರುವಾಗ ಕಾಕಾ, "ಅಳ್ಯಾರ, ಈ ಗಾಡಿ ಜೋರ ಓಡೂದಿಲ್ಲಂತಲ್ಲಾ?" ಎಂದರು. ಮಾನನಷ್ಟ! ಎ.ಸಿ. ಪೂರ್ತಿ ಹಾಕಿ, ಓಡಿಸಿಯೇ ತೋರಿಸಿದೆ. ಕಾಕಾ ಒಪ್ಪಿದರು. ಬ್ಯಾಟರಿ ಒಪ್ಪಲಿಲ್ಲ.

ಗೋಕಾಕದಲ್ಲಿ ಬಸು, ಮಹಾದೇವಿ ಹತ್ತಿದರು. ಚಾರ್ಜಿಂಗ್ ಜಾಗದಲ್ಲಿ ಆಗಲೇ ಯಾರದೋ ಕಾರು ನಿಂತಿತ್ತು. ಮುಹೂರ್ತ ಕಾಯುತ್ತದೆಯೇ? ಹೊರಟೆವು. ಅರಭಾವಿ ದಾಟುತ್ತಿದ್ದಂತೆ ಕಾರು ಕೆಂಪು ಅಕ್ಷರಗಳಲ್ಲಿ ಬೇಡಿಕೊಳ್ಳತೊಡಗಿತು. ಎ.ಸಿ. ಆರಿಸಿದೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಬೆವರು.

"ಮಾಮಾ, ನಾ ಇಲ್ಲೇ ಕುದ್ದು ಹೋಗ್ತೇನಿ!" ಎಂದ ಬಸು, ಜರಿಯ ಕೋಟಿನೊಳಗಿಂದ.

ಕಾರು ಮೊದಲು ಆಮೆಯಾಯಿತು, ಆಮೇಲೆ ಕಲ್ಲಾಯಿತು.

ರಸ್ತೆಯ ಪಕ್ಕದಲ್ಲೇ ಒಂದು ಮನೆ, ಅಂಗಳದ ತುಂಬ ಕುರಿ. ಅಲ್ಲಿಯವರೆಗೆ ನೂಕಿದೆವು; ಮದುಮಗನೂ ಕೈ ಹಾಕಿದ. ಮನೆಯ ಯಜಮಾನಿ ಲಕ್ಕವ್ವ ಎಂಬ ಅಜ್ಜಿ.

"ಆಯಿ, ಸ್ವಲ್ಪ ಕರೆಂಟ್ ಕೊಡ್ತೀರೇನ್ರಿ?"

"ಇದಕ್ಕೂ ಹಸಿವಾಗೇತೇನಪಾ? ಹಾಕ, ಹಾಕ."

ಹಾಕಿದೆ. ಟಪ್! ಫ್ಯಾನು, ಟಿವಿ, ಒಳಗೆ ತಿರುಗುತ್ತಿದ್ದ ಮಿಕ್ಸರ್, ಎಲ್ಲವೂ ಏಕಕಾಲಕ್ಕೆ ಮೌನ. ಮನೆಯ ಫ್ಯೂಸ್ ಹೋಗಿತ್ತು.

"ಅಕ್ಷತಾ ಬೀಳೂ ಹೊತ್ತಾತ್ರಿ," ಎಂದ ಮಹಾದೇವಿಯ ಕಣ್ಣಲ್ಲಿ ನೀರು. ಆಗ ಮಾತ್ರ ನನಗೆ ನಿಜವಾಗಿ ಹೆದರಿಕೆಯಾಯಿತು.

ಲಕ್ಕವ್ವ ಬೈಯಲಿಲ್ಲ. "ಫ್ಯೂಸ್ ಆಮ್ಯಾಲ ಹಾಕೂಣು, ಮೊದಲ ಹುಡುಗನ್ನ ಮುಟ್ಸೂಣು," ಎಂದು ಮಗ ಮಾಳಪ್ಪನನ್ನು ಕೂಗಿದರು. ಆತ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಎದ್ದು, ಟ್ರ್ಯಾಕ್ಟರಿನ ಟ್ರೇಲರಿಗೆ ಹೊಸ ಕಂಬಳಿ ಹಾಸಿದ. ಲಕ್ಕವ್ವ ಬಸುವಿನ ಮುಖವನ್ನು ಸೆರಗಿನಿಂದ ಒರೆಸಿ, ತಂಬಿಗೆ ತುಂಬ ಮಜ್ಜಿಗೆ ಕುಡಿಸಿದರು. ಸ್ವಂತ ಮೊಮ್ಮಗನನ್ನು ಕಳಿಸಿಕೊಡುವ ಹಾಗೆ!

ಕಾರನ್ನು ಅಲ್ಲೇ ಬಿಟ್ಟು, ಎಲ್ಲರೂ ಟ್ರೇಲರ್ ಏರಿ ಹೊತ್ತಿಗೆ ಮುಟ್ಟಿದೆವು. ಟ್ರ್ಯಾಕ್ಟರಿನಿಂದ ಇಳಿದ ವರನನ್ನು ಕಂಡು ಬ್ಯಾಂಡಿನವರು ಇನ್ನೂ ಜೋರಾಗಿ ಬಾರಿಸಿದರು. ಮದುಮಗಳು ಬಾಯಿಗೆ ಕೈಯಿಟ್ಟು ನಕ್ಕಳು. ಬೀಗರು ಮಾಳಪ್ಪನ ತಲೆಗೆ ಪಟಗ ಸುತ್ತಿ, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದರು. ಧೂಳು ಮೆತ್ತಿದ ನನ್ನತ್ತ ತಿರುಗಿ, "ಇವ್ರು ಯಾರ್ರಿ?" ಎಂದರು.

"ಕಾರ್ ನೂಕಾಕ ಬಂದವ್ರು," ಎಂದರು ಕಾಕಾ!

ಸಂಜೆ ಕಾರು ತರಲು ಹೋದೆ. ಫ್ಯೂಸ್ ಸರಿಯಾಗಿತ್ತು. ಆದರೆ ಮನೆಯ ಫ್ಯಾನು, ಟಿವಿ ಎಲ್ಲ ಬಂದ್! ಇದ್ದ ಕರೆಂಟನ್ನೆಲ್ಲ ನನ್ನ ಕಾರಿಗೆ ಬಿಟ್ಟು, ಲಕ್ಕವ್ವ ಬಾಗಿಲಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು. ಕೈಮುಗಿದೆ.

"ಅದ್ರಾಗೇನೈತಿ ತಮ್ಮಾ? ಹೆಂಡ್ತೀನ ಕರ್ಕೊಂಡ ಒಮ್ಮೆ ಉಣ್ಣಾಕ ಬಾ," ಎಂದರು. ಕಾರನ್ನೊಮ್ಮೆ ನೋಡಿ ದನಿ ತಗ್ಗಿಸಿದರು: "ಬಸ್ಸಿಗೆ ಬಾ."

ಮುಂದಿನ ವಾರ ಸೀರೆ, ಸಿಹಿ ಹಿಡಿದು ಹೋದೆವು. ಬಸ್ಸಿಗೇ! ಊಟದ ಹೊತ್ತಿಗೆ ಸರಿಯಾಗಿ ಮುಟ್ಟಿದೆವು.